ಆಂಟೆನಾ ತಗಡಿಗೆ ಕಟ್ಟಿ ಆಕಾಶವಾಣಿಯನ್ನು ಬೈದರೆ ಹೇಗೆ?

ಸಂಪಾದಕರೇ,

ಬೆಂಗಳೂರಿನ ಎಫ್‌ಎಂ ಊರಾಚೆ ಸರಿಯಾಗಿ ಕೇಳಿಸುವುದಿಲ್ಲ, ಬರೀ ಗರಗರ ಎನ್ನುತ್ತದೆ ಎಂಬ ದೂರು ಓದುಗರ ಪತ್ರಗಳಲ್ಲಿ ಆಗಾಗ ಕಾಣುತ್ತದೆ. ದೂರು ಸುಳ್ಳಲ್ಲ. ಆದರೆ ಬೈಯುವ ಮುಂಚೆ ಒಮ್ಮೆ ಮಾಳಿಗೆ ಹತ್ತಿ ಆಂಟೆನಾ ಎಲ್ಲಿ ಕಟ್ಟಿದ್ದೀರಿ ಅಂತ ನೋಡಬಾರದೇ?

ನಮ್ಮ ದೊಡ್ಡಬಳ್ಳಾಪುರದಲ್ಲಿ ತಗಡಿನ ಶೀಟು ಹೊದೆಸಿದ ಮನೆ, ಶೆಡ್ಡು ಬೇಕಾದಷ್ಟಿವೆ. ಮಗ್ಗದ ಸದ್ದಿನ ನಡುವೆಯೂ ವಿವಿಧ ಭಾರತಿ ಹಾಕಿಕೊಳ್ಳುವವರು ಇನ್ನೂ ಇದ್ದಾರೆ. ಆಂಟೆನಾ ಮಾತ್ರ ಎಲ್ಲರದೂ ಶೀಟಿನ ಮೇಲೆ ಒಂದು ಗೇಣು ಎತ್ತರದಲ್ಲಿ, ಇಲ್ಲವೇ ಸೋಲಾರ್ ಸ್ಟ್ಯಾಂಡಿಗೆ ತಂತಿ ಸುತ್ತಿ ಬಿಗಿದದ್ದು! ಗಾಳಿಗೆ ಬೀಳುವುದಿಲ್ಲ, ನಿಜ. ಸ್ಟೇಷನ್ನೂ ಬರುವುದಿಲ್ಲ.

ವಿವಿಧ ಭಾರತಿ 102.9 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ, ಅದರ ಒಂದು ಅಲೆಯ ಉದ್ದ ಹೆಚ್ಚುಕಡಿಮೆ 3 ಮೀಟರ್, ಹಾಗಾಗಿಯೇ ಅಡ್ಡಡ್ಡ ಕಟ್ಟುವ ಆಂಟೆನಾ ಅದರ ಅರ್ಧಕ್ಕಿಂತ ತುಸು ಕಡಿಮೆ, ಸುಮಾರು 1.4 ಮೀಟರ್ ಇರುತ್ತದೆ. ಆ ಅಲೆ ತಗಡಿಗೆ ಬಡಿದಾಗ ತಗಡಿನಲ್ಲೂ ಕರೆಂಟ್ ಹುಟ್ಟುತ್ತದೆ, ಆಂಟೆನಾದಲ್ಲಿ ಹರಿಯುವುದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ. ಎರಡೂ ಅಂಟಿಕೊಂಡಿದ್ದರೆ ಇದು ಕೊಟ್ಟದ್ದನ್ನು ಅದು ಕಸಿದುಕೊಳ್ಳುತ್ತದೆ, ಅಷ್ಟೇ. ಕಾಲು ಅಲೆಯಷ್ಟು, ಅಂದರೆ ಮುಕ್ಕಾಲು ಮೀಟರ್‌ ಆದರೂ ಮೇಲೆತ್ತಿ. ಒಂದೂವರೆ ಮೀಟರ್ ಆದರೆ ಇನ್ನೂ ಒಳ್ಳೆಯದು. ಸಿಮೆಂಟ್ ಶೀಟಿಗೆ ಈ ಕಾಟ ಇಲ್ಲ.

ಲೋಹ ಕಂಡ ಕಡೆಯೆಲ್ಲ ಹೆದರಬೇಕಾಗಿಲ್ಲ. ಆಂಟೆನಾ ಹೊತ್ತು ನೆಟ್ಟಗೆ ನಿಂತ ಕಬ್ಬಿಣದ ಪೈಪು ಅಷ್ಟಾಗಿ ಕಾಡುವುದಿಲ್ಲ. ಆಂಟೆನಾ ಚಾಚಿದ ದಿಕ್ಕಿನಲ್ಲೇ ಪಕ್ಕದಲ್ಲಿ ಹಾದುಹೋಗುವ ಬಟ್ಟೆ ಒಣಹಾಕುವ ತಂತಿ, ರೇಲಿಂಗಿನ ಕಂಬಿ ಇವೇ ನಿಜವಾದ ಕಳ್ಳರು. ಪೊಲೀಸ್ ಜೀಪಿನ ಮೇಲಿನ ಅರ್ಧ ಮೀಟರಿನ ಕಡ್ಡಿಯನ್ನು ನೋಡಿ, ಅದಕ್ಕೆ ಕೆಳಗಿನ ತಗಡೇ ಬಲ. ನೆಟ್ಟಗೆ ನಿಂತ ಕಡ್ಡಿಗೆ ತಗಡು ಕನ್ನಡಿಯಂತೆ ಉಳಿದರ್ಧ ಆಂಟೆನಾವನ್ನು ತಾನೇ ತೋರಿಸಿಕೊಡುತ್ತದೆ. ಅದೇ ಕಡ್ಡಿಯನ್ನು ಲಗೇಜ್ ಕ್ಯಾರಿಯರಿನ ಪಕ್ಕಕ್ಕೆ ಒತ್ತಿ ನಿಲ್ಲಿಸಿದರೆ ಒಂದು ದಿಕ್ಕಿಗೆ ಜೋರು, ಇನ್ನೊಂದು ದಿಕ್ಕಿಗೆ ಮಂಕು.

ಇನ್ನು ಹಳೆಯ ಚಪ್ಪಟೆ ವಯರು. ಆಂಟೆನಾ ಎತ್ತರದಲ್ಲೇ ಇರುತ್ತದೆ, ಅಲ್ಲಿಂದ ಇಳಿಯುವ ಈ ವಯರನ್ನು ಚೆನ್ನಾಗಿ ಕಾಣಲಿ ಅಂತ ಪೈಪಿಗೆ ಉದ್ದಕ್ಕೂ ಟೇಪು ಸುತ್ತಿ ಅಂಟಿಸಿರುತ್ತಾರೆ. ಅದರ ಎರಡು ತಂತಿಗಳ ನಡುವೆ ಮಾತ್ರವಲ್ಲ, ಸುತ್ತಲೂ ಸಿಗ್ನಲ್ ಹಬ್ಬಿರುತ್ತದೆ, ಕಬ್ಬಿಣ ತಾಗಿದರೆ ದಾರಿಯಲ್ಲೇ ಸೋರಿಹೋಗುತ್ತದೆ. ನಾಲ್ಕು ಬೆರಳಿನಷ್ಟಾದರೂ ದೂರ ಹಿಡಿಯಬೇಕು. ಕೇಬಲ್ ಟೀವಿಯ ದುಂಡನೆ ವಯರಿಗೆ ಈ ಕಷ್ಟ ಇಲ್ಲ, ಅದನ್ನು ಪೈಪಿಗೆ ಕಟ್ಟಿದರೂ ನಡೆಯುತ್ತದೆ. ಆದರೆ ಆಂಟೆನಾ ಕಡೆ ಅದಕ್ಕೆ ಒಂದು ಸಣ್ಣ ಬಾಲನ್ (ಆಂಟೆನಾಕ್ಕೂ ದುಂಡನೆ ವಯರಿಗೂ ಹೊಂದಿಸುವ ಬಿಡಿಭಾಗ) ಹಾಕಿಸಿಕೊಳ್ಳಿ, ಸುಮ್ನೆ ತಂತಿ ತಿರುಚಿ ಬಿಡಬೇಡಿ.

ತಗಡಿನಿಂದ ದೂರ ಒಯ್ಯುವ ಭರದಲ್ಲಿ ಕರೆಂಟ್ ಲೈನಿನ ಹತ್ತಿರ ಮಾತ್ರ ಹೋಗಬೇಡಿ. ಸಿಡಿಲಿನ ಕಾಲದಲ್ಲಿ ಆಂಟೆನಾ ಹೊತ್ತ ಕಂಬಕ್ಕೆ ಅರ್ಥಿಂಗ್ ಇರಲೇಬೇಕು. ಆಂಟೆನಾ ಮಾರುವ ಅಂಗಡಿಯವರು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಅವರ ಗಂಟೇನು ಹೋಗುತ್ತದೆ? ಇಷ್ಟೆಲ್ಲ ಮಾಡಿದ ಮೇಲೂ ಗರಗರ ನಿಲ್ಲದಿದ್ದರೆ ಊರು, ಹೊತ್ತು, ಸ್ಟೇಷನ್ ನಂಬರ್ ಬರೆದು ಧಾರಾಳವಾಗಿ ದೂರು ಕೊಡಿ. ನಾನೂ ಸಹಿ ಹಾಕುತ್ತೇನೆ.

– ಒಬ್ಬ ಕೇಳುಗ, ದೊಡ್ಡಬಳ್ಳಾಪುರ