ಮ್ಯಾನೇಜರ್ ಎಂದರೆ ಯಾರು: ಕ್ಲೀವ್‌ಲ್ಯಾಂಡಿನಿಂದ ಅಪ್ಪನಿಗೆ

ಕ್ಲೀವ್‌ಲ್ಯಾಂಡ್, ಒಹಾಯೊ
20-10-2024

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ನಿಮ್ಮ ಹಾಗೂ ಅಮ್ಮನವರ ಕ್ಷೇಮಕ್ಕೆ ಬರೆಯುವುದು.

ಈ ಊರಿನ ಬೇಸ್‌ಬಾಲ್ ತಂಡವಾದ ಗಾರ್ಡಿಯನ್ಸ್‌ನ ಹೊಸ ಮ್ಯಾನೇಜರನ್ನು ನಾನು ಹೊಗಳಿದಾಗ ನೀವು ಫೋನಿನಲ್ಲಿ, "ಟಿಕೆಟ್ಟು, ಹೋಟೆಲ್ಲು ನೋಡಿಕೊಳ್ಳುವವನಿಗೆ ಇಷ್ಟೊಂದು ಹೊಗಳಿಕೆಯೇ?" ಎಂದು ನಕ್ಕಿರಿ. ಕ್ರಿಕೆಟ್ಟಿನ ಲೆಕ್ಕದಲ್ಲಿ ಅದು ಸರಿಯೇ. ಆದರೆ ಅಲ್ಲಿ ನಾಯಕನು ಮೈದಾನದ ನಡುವೆ ನಿಂತು ಮಾಡುವ ತೀರ್ಮಾನಗಳನ್ನೆಲ್ಲ ಇಲ್ಲಿ ಮ್ಯಾನೇಜರನು ಆಟಗಾರರಂತೆಯೇ ಸಮವಸ್ತ್ರ ತೊಟ್ಟು ಅಂಚಿನಲ್ಲಿ ಕುಳಿತು ಮಾಡುತ್ತಾನೆ. ಒಮ್ಮೆ ಹೊರಕ್ಕೆ ಕರೆದ ಪಿಚರ್, ಅಂದರೆ ಚೆಂಡೆಸೆಯುವವನು, ಆ ಪಂದ್ಯದಲ್ಲಿ ಮತ್ತೆ ಆಡುವಂತಿಲ್ಲವಾದ್ದರಿಂದ, ತಪ್ಪಿದರೆ ತಿದ್ದಿಕೊಳ್ಳುವ ದಾರಿಯೂ ಇಲ್ಲ.

11 ವರ್ಷ ತಂಡವನ್ನು ನಡೆಸಿದ ಟೆರ್ರಿ ಫ್ರಾಂಕೋನಾ ಕಳೆದ ವರ್ಷ ಬಿಟ್ಟುಹೋದಾಗ, 76 ಪಂದ್ಯ ಗೆದ್ದು 86 ಸೋತಿದ್ದ ತಂಡವು ಇನ್ನೂ 40 ತುಂಬದ ಸ್ಟೀಫನ್ ವೋಟ್ ಅವರ ಕೈಗೆ ಬಂತು. ಆಡುವ ಕಾಲದಲ್ಲಿ ಇವರು ಕ್ಯಾಚರ್, ಅಂದರೆ ನಿಮ್ಮ ಕಿರ್ಮಾನಿಯವರ ಜಾತಿಯವರು. ಮೊದಲ 32 ಬಾರಿ ಬ್ಯಾಟು ಹಿಡಿದು ನಿಂತು ಒಂದೂ ಹಿಟ್, ಅಂದರೆ ಫಲ ಕೊಡುವ ಹೊಡೆತ, ಕಾಣದೆ, ಕೊನೆಗೆ ಕಂಡ ಮೊದಲ ಹಿಟ್ಟೇ ನಮ್ಮ ಸಿಕ್ಸರಿನಂತೆ ಬೇಲಿ ದಾಟುವ ಹೋಮ್ ರನ್ ಆದ ಮನುಷ್ಯ. ಸೋಲುವವನ ಮನಸ್ಸು ಇವರಿಗೆ ಗೊತ್ತು ಎಂದು ನನಗನ್ನಿಸುವುದು ಅದಕ್ಕೇ.

ಸ್ವಂತ ಅಂಗಳದಲ್ಲಿ ಅವರ ಮೊದಲ ಪಂದ್ಯ ನಡೆದದ್ದು ಏಪ್ರಿಲ್ 8ರಂದು, ಸಂಪೂರ್ಣ ಸೂರ್ಯಗ್ರಹಣದ ದಿನ. ಮಧ್ಯಾಹ್ನ ಮೂರೂಕಾಲಿಗೆ ನಾಲ್ಕು ನಿಮಿಷದ ಹತ್ತಿರ ಕತ್ತಲೆ ಕವಿದಾಗ ನಿಮಗಲ್ಲಿ ಆಗಲೇ ಯುಗಾದಿ ಹುಟ್ಟಿತ್ತು. ನಾನು ಗ್ಯಾಲರಿಯಲ್ಲಿದ್ದೆನೆಂಬುದನ್ನು ಅಮ್ಮನವರಿಗೆ ತಿಳಿಸಬೇಡಿ. ಗ್ರಹಣ ಬಿಟ್ಟ ಮೇಲೆ ಆಟ ಆರಂಭವಾಗಿ ನಮ್ಮವರೇ 4-0ರಿಂದ ಗೆದ್ದರು.

ಮುಖ್ಯ ಪಿಚರ್ ಶೇನ್ ಬೀಬರ್ ಎರಡೇ ಪಂದ್ಯ ಆಡಿ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದಾಗ ವರ್ಷವೇ ಮುಳುಗಿತೆಂದುಕೊಂಡೆ. ವೋಟ್ ಅವರು ಭಾರವನ್ನು ಕೊನೆಯ ಇನಿಂಗ್ಸುಗಳ ಪಿಚರುಗಳ ಮೇಲೆ ಹೊರಿಸಿದರು. ಕೊನೆಯಲ್ಲಿ ಬಂದು ಗೆಲುವನ್ನು ಭದ್ರಪಡಿಸುವ ಎಮ್ಯಾನುಯೆಲ್ ಕ್ಲಾಸೆ 47 ಪಂದ್ಯಗಳನ್ನು ಉಳಿಸಿಕೊಟ್ಟ. 92 ಗೆಲುವು ಬಂದವು. ಲೀಗ್ ಹಂತದ ಕಡೆಯ ಪಂದ್ಯ ಮಳೆಗೆ ಹೋಯಿತು; 39 ಹೋಮ್ ರನ್ನುಗಳಲ್ಲಿದ್ದ ನಮ್ಮ ಬ್ಯಾಟುಗಾರ ಹೊಸೆ ರಮೀರೆಸ್‌ಗೆ ನಲವತ್ತನೆಯದು ದಕ್ಕಲಿಲ್ಲ.

ಆದರೆ ಲೀಗ್ ಹಂತದುದ್ದಕ್ಕೂ ಕೇವಲ ಎರಡು ಹೋಮ್ ರನ್ ಕೊಟ್ಟಿದ್ದ ಅದೇ ಕ್ಲಾಸೆ, ಅಕ್ಟೋಬರಿನ ನಾಕೌಟ್ ಹಂತದಲ್ಲಿ ನ್ಯೂಯಾರ್ಕಿನ ಯಾಂಕೀಸ್ ತಂಡದ ವಿರುದ್ಧದ ಸರಣಿಯ ಮೂರನೆಯ ಪಂದ್ಯದಲ್ಲಿ ಬೆನ್ನುಬೆನ್ನಿಗೆ ಎರಡು ಕೊಟ್ಟ. ಆ ಪಂದ್ಯವನ್ನು ಹೇಗೋ ಗೆದ್ದೆವು. ಮರುದಿನವೂ ವೋಟ್ ಅವನನ್ನೇ ನಂಬಿದರು, ಸೋತೆವು. ಜನ ಬೈಯುತ್ತಿದ್ದಾರೆ, ನಾನು ಬೈಯಲಾರೆ, ಏಕೆಂದರೆ ಆ ನಂಬಿಕೆಯಿಂದಲೇ ಅಲ್ಲವೇ ನಾವು ಅಕ್ಟೋಬರಿನವರೆಗೆ ಬಂದದ್ದು?

ನಿನ್ನೆ ರಾತ್ರಿ ಎಲ್ಲವೂ ಮುಗಿಯಿತು. ಐದನೆಯ ಪಂದ್ಯ 2-2ರಲ್ಲಿದ್ದು, ಹತ್ತನೆಯ ಇನಿಂಗ್ಸಿನಲ್ಲಿ ಇಬ್ಬರು ಔಟಾಗಿ, ಇಬ್ಬರು ಓಟದ ಹಾದಿಯ ನಿಲ್ದಾಣಗಳಾದ ಬೇಸುಗಳಲ್ಲಿ ನಿಂತಿದ್ದಾಗ ಯಾಂಕೀಸ್‌ನ ಹುವಾನ್ ಸೋಟೋ ಚೆಂಡನ್ನು ಬೇಲಿಯಾಚೆ ಹೊಡೆದ. ಅವನನ್ನು ಬೇಕೆಂದೇ ಪುಕ್ಕಟೆ ಬೇಸಿಗೆ ಕಳಿಸಬಹುದಿತ್ತು, ಆದರೆ ಅವನ ಹಿಂದೆಯೇ ಅವರ ಭಾರೀ ಹೊಡೆತಗಾರ ಆರನ್ ಜಡ್ಜ್ ಬರುವವನಿದ್ದ. ನೀವು ಆ ಅಂಚಿನಲ್ಲಿ ಕುಳಿತಿದ್ದರೆ ಏನು ಮಾಡುತ್ತಿದ್ದಿರಿ ಎಂಬುದನ್ನು ಮರುಪತ್ರದಲ್ಲಿ ತಪ್ಪದೆ ಬರೆಯಿರಿ.

ಇತಿ ನಿಮ್ಮ ಮಗ