ಮಗಳಿಗೊಂದು ಪತ್ರ: "ಇವನೇ" ಎಂದು ಬರೆಯುವ ಮುಂಚೆ

ಮಂಗಳೂರು

ಪ್ರೀತಿಯ ಮಗಾ,

ನೀನು ಮಣಿಪಾಲದಿಂದ ಕಳಿಸಿದ ಸ್ಕ್ರೀನ್‌ಶಾಟ್‌ಗಳನ್ನೆಲ್ಲ ಓದಿದೆ. ನೀವು ಮಾಡುತ್ತಿರುವುದು ಬರೀ ಹರಟೆಯಲ್ಲ, ಮನಸ್ಸಿಟ್ಟೇ ಕೂತಿದ್ದೀರಿ ಎಂದು ಗೊತ್ತಾಗುತ್ತದೆ. ನಿಮ್ಮದೇ ಪ್ರಾಯದ ಹುಡುಗಿಯೊಬ್ಬಳು ಓದಲಿಕ್ಕೆಂದು ಬಂದ ಊರಿನಲ್ಲಿ ಕೊಲೆಯಾಗಿ, ಇಷ್ಟು ವರ್ಷವಾದರೂ ಕೊಂದವರು ಸಿಕ್ಕಿಲ್ಲವೆಂದರೆ ಹೊಟ್ಟೆ ಉರಿಯಲೇಬೇಕು. ಆದರೆ ಕೊನೆಯ ಸ್ಕ್ರೀನ್‌ಶಾಟಿನಲ್ಲಿ ಅವಳ ಸಹಪಾಠಿಯ ಫೋಟೋ, ಹೆಸರು, ಈಗಿನ ಕೆಲಸ ಎಲ್ಲ ಹಾಕಿ "ಇವನೇ" ಎಂದು ಬರೆದಾಗಿದೆ. ಅದನ್ನು ಇವತ್ತೇ ತೆಗೆಸು. ಕೇಸು ಯಾವುದೆಂದು ನಾನಿಲ್ಲಿ ಬರೆಯುವುದಿಲ್ಲ, ಈ ಪತ್ರ ನಿಮ್ಮ ಗುಂಪಿನಲ್ಲಿ ಓಡಾಡುತ್ತದೆ ಎಂದು ಗೊತ್ತುಂಟು.

ನೀವೆಲ್ಲ ಹೆಚ್ಚು ನಂಬಿರುವುದು ಆ ಅಂಗಡಿಯ ಸಿಸಿಟಿವಿ ಕ್ಲಿಪ್ಪನ್ನು. ಬಿಳಿ ಶರ್ಟಿನವನು ರಾತ್ರಿ 11.52ಕ್ಕೆ ದಾಟಿದ, ಆ ದಿನ ಹುಡುಗ ಬಿಳಿ ಶರ್ಟು ಹಾಕಿದ್ದ, ಹಾಗಾಗಿ ಅವನೇ. ಆ ಕ್ಲಿಪ್ ಕಪ್ಪು-ಬಿಳುಪಿನಲ್ಲಿ ಉಂಟು, ಗಮನಿಸಿದೆಯಾ? ಬೆಳಕು ಕಡಿಮೆಯಾದಾಗ ಕ್ಯಾಮೆರಾದ ಒಳಗಿನ ಫಿಲ್ಟರ್ ಪಕ್ಕಕ್ಕೆ ಸರಿದು, ಸುತ್ತಲಿನ ಪುಟ್ಟ ಎಲ್‌ಇಡಿಗಳ ಇನ್‌ಫ್ರಾರೆಡ್ ಬೆಳಕಿನಲ್ಲಿ ಚಿತ್ರ ತೆಗೆಯುತ್ತದೆ. ಆ ಬೆಳಕಿಗೆ ಬಟ್ಟೆಯ ಬಣ್ಣ ಲೆಕ್ಕಕ್ಕಿಲ್ಲ. ಎಷ್ಟೋ ಕಪ್ಪು, ನೀಲಿ ಬಟ್ಟೆಗಳ ಬಣ್ಣದ ಪುಡಿ ಇನ್‌ಫ್ರಾರೆಡ್ಡನ್ನು ಹೀರುವುದಿಲ್ಲ, ವಾಪಸು ಎಸೆಯುತ್ತದೆ. ಅಚ್ಚ ಕಪ್ಪು ಟೀ ಶರ್ಟು ಸ್ಕ್ರೀನಿನಲ್ಲಿ ಬೂದುಬಿಳಿಯಾಗಿ ಕಾಣಬಹುದು. ಹಾಗಾಗಿ "ಬಿಳಿ ಶರ್ಟು" ಎನ್ನುವುದು ನಿಮ್ಮ ಊಹೆ, ಕ್ಯಾಮೆರಾ ಅದನ್ನು ಹೇಳಿಲ್ಲ. ಎತ್ತರವೂ ಅಷ್ಟೆ. ಅಂಗಡಿಯವರು ಹಾಕುವ ಅಗಲ ಲೆನ್ಸಿನಲ್ಲಿ ಅಂಚಿನಲ್ಲಿರುವವನ ಆಕಾರವೇ ಎಳೆದ ಹಾಗೆ ಬದಲಾಗುತ್ತದೆ, ಪಕ್ಕದ ಕರೆಂಟು ಕಂಬಕ್ಕೆ ಹೋಲಿಸಿ ಆರಡಿ ಎಂದು ಲೆಕ್ಕ ಹಾಕಲಿಕ್ಕೆ ಬರುವುದಿಲ್ಲ.

11.52 ಎನ್ನುವ ಸಮಯವಂತೂ ಕ್ಯಾಮೆರಾದ ದೃಶ್ಯ ಉಳಿಸಿಡುವ ಡಿವಿಆರ್ ಪೆಟ್ಟಿಗೆಯೊಳಗಿನ ಗಡಿಯಾರದ್ದು. ಇಂಟರ್ನೆಟ್ ಸಂಪರ್ಕ ಇಲ್ಲದ ಡಿವಿಆರ್ ತಿಂಗಳು ತಿಂಗಳು ಹಿಂದೆ ಮುಂದೆ ಆಗುತ್ತ ಹೋಗುತ್ತದೆ. ಒಳಗಿನ ಗುಂಡಿ ಬ್ಯಾಟರಿ ಸತ್ತಿದ್ದರೆ, ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ದಿನಾಂಕವೇ ತಪ್ಪುತ್ತದೆ. ತನಿಖೆ ಮಾಡುವವರು ಮೊದಲು ಡಿವಿಆರ್‌ನ ಸ್ಕ್ರೀನನ್ನೂ ಸರಿಯಾದ ಸಮಯ ತೋರಿಸುವ ಮೊಬೈಲನ್ನೂ ಒಂದೇ ಫೋಟೋದಲ್ಲಿ ಹಿಡಿದು, ವ್ಯತ್ಯಾಸ ಎಷ್ಟು ನಿಮಿಷವೆಂದು ಮಹಜರಿನಲ್ಲಿ ಬರೆಯಬೇಕು. ಅದು ಇಲ್ಲದಿದ್ದರೆ 11.52 ಬರೀ ಒಂದು ಅಂಕಿ. ಆ ರಸ್ತೆಯ ಬೇರೆ ಕ್ಯಾಮೆರಾಗಳ ದೃಶ್ಯ ಪೊಲೀಸರು ಮುಚ್ಚಿಹಾಕಿದ್ದಾರೆ ಎಂದೂ ಒಬ್ಬಳು ಬರೆದಿದ್ದಾಳೆ. ಲೆಕ್ಕ ಮಾಡಿ ನೋಡು. ನಾಲ್ಕು ಕ್ಯಾಮೆರಾ, ಒಂದೊಂದರಿಂದ ಸೆಕೆಂಡಿಗೆ 2 ಮೆಗಾಬಿಟ್ ಎಂದರೆ ದಿನಕ್ಕೆ ಸುಮಾರು 86 ಜಿಬಿ. 1 ಟಿಬಿಯ ಡಿಸ್ಕು ಹನ್ನೊಂದೂವರೆ ದಿನದಲ್ಲಿ ತುಂಬಿ, ಹಳೆಯದರ ಮೇಲೆಯೇ ಹೊಸದು ಬರೆಯುತ್ತದೆ. ಹನ್ನೆರಡನೇ ದಿನ ಹೋಗಿ ಕೇಳಿದರೆ ಇರುವುದಿಲ್ಲ. ತಡವಾಗಿ ಹೋದದ್ದು ತನಿಖೆಯ ಲೋಪ ಹೌದು, ಅದನ್ನು ಪ್ರಶ್ನಿಸಲೇಬೇಕು. ಆದರೆ ಲೋಪ ಬೇರೆ, ಒಳಸಂಚು ಬೇರೆ.

ಇನ್ನು ಸತ್ತ ಸಮಯ. "ರಾತ್ರಿ ಹನ್ನೆರಡರಿಂದ ಹನ್ನೆರಡೂವರೆಯೊಳಗೆ" ಎಂದು ನಿಮ್ಮಲ್ಲಿ ಯಾರೋ ಕೂಡಿಸಿ ಕಳೆದು ಬರೆದಿದ್ದಾರೆ. ಯಾವ ವೈದ್ಯರೂ ಅರ್ಧ ಗಂಟೆಯ ಲೆಕ್ಕ ಕೊಡುವುದಿಲ್ಲ. ಪೋಸ್ಟ್‌ಮಾರ್ಟಂ ವರದಿಯಲ್ಲಿ ಇರುವುದು "12ರಿಂದ 24 ಗಂಟೆಯ ಹಿಂದೆ" ಎನ್ನುವಂಥ ಅಗಲವಾದ ಅಂದಾಜು. ದೇಹದ ಶಾಖ 37 ಡಿಗ್ರಿ. ಎಪ್ರಿಲ್ ತಿಂಗಳಲ್ಲಿ ನಮ್ಮ ಕರಾವಳಿಯ ಹಗಲಿನ ಶಾಖವೇ 32, 33 ಇರುವಾಗ ಶವ ತಣ್ಣಗಾಗುವುದು ತೀರ ನಿಧಾನ, ಅದರಿಂದ ಗಂಟೆ ಎಣಿಸುವುದು ಕಷ್ಟ. ಸತ್ತ ಮೇಲೆ ಮೈ ಬಿಗಿಯುವ ಸೆಟೆತ ಮೊದಲು ರೆಪ್ಪೆ, ದವಡೆಯಲ್ಲಿ ಕಾಣಿಸಿ, ಸಾಧಾರಣವಾಗಿ 12 ಗಂಟೆಯೊಳಗೆ ಮೈಯೆಲ್ಲ ಹಬ್ಬುತ್ತದೆ. ಸೆಕೆಯಲ್ಲಿ ಅದು ಬೇಗ ಬಂದು ಬೇಗ ಬಿಡುತ್ತದೆ, ಸಾಯುವ ಮುಂಚೆ ಓಡಿದ್ದರೆ, ಒದ್ದಾಡಿದ್ದರೆ ಇನ್ನೂ ಬೇಗ. ಹೊಟ್ಟೆಯಲ್ಲಿ ಅನ್ನ ಉಳಿದಿತ್ತು, ಹಾಗಾಗಿ ಊಟವಾಗಿ ಎರಡು ಗಂಟೆಯೊಳಗೆ ಎಂಬ ವಾದವೂ ನಿಲ್ಲುವುದಿಲ್ಲ. ಭಯದಲ್ಲಿ ಜೀರ್ಣಕ್ರಿಯೆ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ.

ಟವರ್ ಲೊಕೇಶನ್ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಒಂದು ಟವರಿನ ಒಂದು ಮುಖ ಸಾಮಾನ್ಯವಾಗಿ 120 ಡಿಗ್ರಿಯ ಬೀಸಣಿಗೆಯಷ್ಟು ಜಾಗಕ್ಕೆ ಸಿಗ್ನಲ್ ಕೊಡುತ್ತದೆ. ಪೇಟೆಯಲ್ಲಿ ಅದು ಕೆಲವು ನೂರು ಮೀಟರ್, ಹೊರಗೆ ಹಲವು ಕಿಲೋಮೀಟರ್. ಮಣಿಪಾಲದ ಗುಡ್ಡದಂಚಿನ ಎಂಡ್ ಪಾಯಿಂಟಿನಲ್ಲಿ ನಿಂತವರ ಮೊಬೈಲು ಕಣಿವೆಯಾಚೆಯ, ಸ್ವರ್ಣಾ ನದಿಯ ಆ ಬದಿಯ ಟವರನ್ನು ಹಿಡಿದರೆ ಆಶ್ಚರ್ಯವಿಲ್ಲ. ಇಬ್ಬರ ಫೋನೂ ಒಂದೇ ಟವರಿನಲ್ಲಿತ್ತು ಎಂದರೆ ಇಬ್ಬರೂ ಒಂದೇ ಊರಿನಲ್ಲಿದ್ದರು ಎಂದಷ್ಟೇ. ಅವರು ಒಂದೇ ಕಾಲೇಜಿನವರು, ಇನ್ನೆಲ್ಲಿ ಇರಬೇಕಿತ್ತು?

ಕಣ್ಣಾರೆ ಕಂಡವರಿಲ್ಲದ ಕೇಸಿಗೆ ಅಳತೆಗೋಲು ಉಂಟು. 1984ರ ಸಾರ್ಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಐದು ಸೂತ್ರ ಹೇಳಿತು, ಇವತ್ತಿಗೂ ಸೆಷನ್ಸ್ ಕೋರ್ಟುಗಳಲ್ಲಿ ಅದನ್ನೇ ಓದುತ್ತಾರೆ. ಅದರ ಸಾರ ಇಷ್ಟು: ಒಂದೊಂದು ಸಂದರ್ಭವೂ ಮೊದಲು ತಾನಾಗಿ ಸಾಬೀತಾಗಬೇಕು, ಎಲ್ಲ ಸೇರಿ ಕೊಂಡಿ ತಪ್ಪದ ಸರಪಳಿಯಾಗಬೇಕು, ಅವನು ತಪ್ಪಿತಸ್ಥ ಎನ್ನುವುದನ್ನು ಬಿಟ್ಟು ಬೇರೆ ಯಾವ ಊಹೆಗೂ ಎಡೆ ಇರಬಾರದು. ನೀವು ತಿರುಗಾಮುರುಗಾ ಮಾಡಿದ್ದೀರಿ. ಮೊದಲು ಹುಡುಗನನ್ನು ಇಟ್ಟುಕೊಂಡು, ಆಮೇಲೆ ಕೊಂಡಿ ಹುಡುಕಿದ್ದೀರಿ.

ಅಮೆರಿಕದ ಐಡಹೋ ರಾಜ್ಯದಲ್ಲಿ ಮಾಸ್ಕೋ ಎಂಬ ಕಾಲೇಜು ಊರು ಉಂಟು. 2022ರ ನವೆಂಬರ್ 13ರ ನಸುಕಿನಲ್ಲಿ ಅಲ್ಲಿ ಬಾಡಿಗೆ ಮನೆಯೊಂದರಲ್ಲಿ ನಾಲ್ವರು ವಿದ್ಯಾರ್ಥಿಗಳ ಕೊಲೆಯಾಯಿತು. ಆರೇಳು ವಾರ ಜಗತ್ತೆಲ್ಲ ಪತ್ತೇದಾರಿಕೆ ಮಾಡಿತು. ಅದೇ ಮನೆಯಲ್ಲಿ ಬದುಕಿ ಉಳಿದ ಹುಡುಗಿಯರ ಮೇಲೆ, ಹಳೆಯ ಗೆಳೆಯನ ಮೇಲೆ, ತಿಂಡಿ ಗಾಡಿಯ ವಿಡಿಯೋದಲ್ಲಿ ಸುಮ್ಮನೆ ಹಿಂದೆ ನಿಂತಿದ್ದವನ ಮೇಲೆ ಬೆರಳು ತೋರಿಸಿದರು. ಟ್ಯಾರೋ ಕಾರ್ಡು ನೋಡಿ ಒಬ್ಬಾಕೆ ಅಲ್ಲಿನ ಪ್ರಾಧ್ಯಾಪಕಿಯನ್ನೇ ಕೊಲೆಗಾರ್ತಿ ಎಂದಳು. ಪ್ರಾಧ್ಯಾಪಕಿ ಮಾನನಷ್ಟದ ಮೊಕದ್ದಮೆ ಹೂಡಿದರು, 2024ರಲ್ಲಿ ಕೋರ್ಟು ಅವರ ಪರವಾಗಿ ಹೇಳಿತು. ಡಿಸೆಂಬರ್ 30ರಂದು ಸಿಕ್ಕಿಬಿದ್ದವನು ಇವರ್ಯಾರೂ ಅಲ್ಲ, ಪಕ್ಕದ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದವನು. ಅವನನ್ನು ಹಿಡಿದುಕೊಟ್ಟದ್ದು ಶವದ ಹತ್ತಿರ ಬಿಟ್ಟುಹೋಗಿದ್ದ ಚೂರಿಯ ಒರೆ, ಅದರ ಗುಂಡಿಗೆ ಅಂಟಿದ್ದ ಡಿಎನ್‌ಎ, ಒಂದು ಬಿಳಿ ಕಾರಿನ ದೃಶ್ಯ, ಫೋನಿನ ದಾಖಲೆ. 2025ರ ಜುಲೈಯಲ್ಲಿ ತಪ್ಪೊಪ್ಪಿಕೊಂಡು ಜೀವಾವಧಿ ಜೈಲಿಗೆ ಹೋದ.

ಈಗ ನಿಮ್ಮ ಪೋಸ್ಟಿಗೆ ಬರುತ್ತೇನೆ. ಹುಡುಗ ನಿರಪರಾಧಿಯಾಗಿದ್ದರೆ ಏನಾಗುತ್ತದೆಂದು ನಿನಗೆ ಗೊತ್ತುಂಟು. ಮಾನಹಾನಿಗೆ ಎರಡು ವರ್ಷದವರೆಗೆ ಜೈಲು, ಎಫ್‌ಐಆರ್‌ನಲ್ಲಿ ಅತ್ಯಾಚಾರದ ಕಲಂ ಇದ್ದರೆ ತೀರಿಹೋದ ಹುಡುಗಿಯ ಹೆಸರು ಹಾಕುವುದೂ ಅಪರಾಧ. ನಾನು ಹೆಚ್ಚು ಹೆದರುವುದು ಅವನೇ ಅಪರಾಧಿಯಾಗಿದ್ದರೆ. ನಾಳೆ ಸಾಕ್ಷಿಯೊಬ್ಬರು ಸಿಕ್ಕಿದರೆಂದು ಇಟ್ಟುಕೋ. ಮ್ಯಾಜಿಸ್ಟ್ರೇಟರ ಎದುರು ಗುರುತು ಪತ್ತೆ ಪರೇಡ್ ಆಗಬೇಕು, ಹೋಲಿಕೆಯಿರುವ ಹಲವರ ನಡುವೆ ಅವನನ್ನು ನಿಲ್ಲಿಸುತ್ತಾರೆ. ಆರೋಪಿಯ ಮುಖ ಸಾಕ್ಷಿಗೆ ಮೊದಲೇ ಕಾಣಬಾರದೆಂದು ಬಟ್ಟೆ ಮುಚ್ಚಿ ಕರೆತರುವುದು ಅದಕ್ಕೇ. ನೀವು ಆ ಮುಖವನ್ನು ಊರಿಗೆಲ್ಲ ಹಂಚಿಯಾಗಿದೆ. "ವಾಟ್ಸಾಪಿನಲ್ಲಿ ಈ ಫೋಟೋ ನೋಡಿದ್ದೀರಾ?" ಎಂಬ ಒಂದೇ ಪಾಟಿ ಸವಾಲಿಗೆ ಆ ಸಾಕ್ಷ್ಯ ಬಿದ್ದುಹೋಗುತ್ತದೆ. ಭಾನುವಾರ ಆ ಜಾಗಕ್ಕೆ ಹೋಗಿ ಆಯುಧ ಹುಡುಕುವ ಯೋಚನೆಯನ್ನೂ ಬಿಡಿ. ಆರೋಪಿ ತಾನೇ ತೋರಿಸಿ ವಸ್ತು ಸಿಕ್ಕಿದರೆ ಅದಕ್ಕೆ ಬೆಲೆ. ಹತ್ತಾರು ಜನ ಮೊದಲೇ ಅಗೆದು ಫೋಟೋ ಹಾಕಿದ ಜಾಗದಿಂದ ತೆಗೆದರೆ "ಅದು ಎಲ್ಲರಿಗೂ ಗೊತ್ತಿತ್ತಲ್ಲ" ಎಂದು ವಕೀಲರು ಎದ್ದು ನಿಲ್ಲುತ್ತಾರೆ.

ಕೇಸು ಮುಚ್ಚಿಹೋಗಿದೆ ಎಂಬ ಮಾತು ಮಾತ್ರ ನಿಜವಲ್ಲ. ಪತ್ತೆಯಾಗದ ಕೇಸಿಗೆ ಪೊಲೀಸರು ಸಿ ರಿಪೋರ್ಟ್ ಹಾಕುತ್ತಾರೆ. ಹೊಸ ಸಾಕ್ಷ್ಯ ಬಂದರೆ ತನಿಖೆ ಮುಂದುವರಿಸಬಹುದು, ಕೊಲೆಗೆ ಕಾಲಮಿತಿ ಇಲ್ಲ. ಅದಕ್ಕೇ ನಿನ್ನ ಗೆಳತಿಯ ಮಾವನ ಹತ್ತಿರ ಇರುವ, ಆ ಸಿಸಿಟಿವಿ ದೃಶ್ಯದ ಪೆನ್‌ಡ್ರೈವಿನ ಬಗ್ಗೆ ನನಗೆ ಆಸೆ. ನೀವು ನೋಡುತ್ತಿರುವುದು ವಾಟ್ಸಾಪು ಹಿಂಡಿ ಕಿರಿದು ಮಾಡಿದ ಪ್ರತಿ. ಮೂಲ ಅಲ್ಲಿದ್ದರೆ ಅದನ್ನು ಯಾರೂ ಲ್ಯಾಪ್‌ಟಾಪಿಗೆ ಚುಚ್ಚಬೇಡಿ, ತೆರೆದು ನೋಡಿದರೂ ಕಡತದ ದಿನಾಂಕ ಬದಲಾಗಬಹುದು. ಲಕೋಟೆಯಲ್ಲಿ ಹಾಕಿ ಅಂಟಿಸಿ, ಮೇಲೆ ಮಾವನೇ ಸಹಿ ಮಾಡಲಿ. ಯಾವ ಡಿವಿಆರ್, ಯಾವ ದಿನ, ಯಾರು ನಕಲು ಮಾಡಿದ್ದು, ಅಲ್ಲಿಂದ ಯಾರ ಯಾರ ಕೈಯಲ್ಲಿತ್ತು ಎಂದು ಅವರೇ ಒಂದು ಹಾಳೆಯಲ್ಲಿ ಬರೆಯಲಿ, ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯಲಿ. ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಬೆರಳಚ್ಚಿನಂಥ ಸಂಕೇತ) ತೆಗೆದು ಪ್ರಮಾಣಪತ್ರ ಮಾಡುವ ಕೆಲಸ ಠಾಣೆಯವರೂ ತಜ್ಞರೂ ನೋಡಿಕೊಳ್ಳುತ್ತಾರೆ. ಆ ಹಾಳೆಯಲ್ಲಿ ಹುಡುಗನ ಹೆಸರು ಬೇಡ, ನಿಮ್ಮ ಅನುಮಾನವೂ ಬೇಡ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಎಸ್‌ಪಿಗೆ ಕಳಿಸಿ, ಪೆನ್‌ಡ್ರೈವ್ ಮಾತ್ರ ಅಂಚೆಗೆ ಹಾಕಬೇಡಿ. ತೆಗೆದುಕೊಂಡರೆ ಮೊಹರು, ತಾರೀಖು ಬಿದ್ದ ಸ್ವೀಕೃತಿ ಕೈಗೆ ಬರುವವರೆಗೆ ಅಲ್ಲಿಂದ ಏಳಬೇಡಿ.

ನಿನ್ನ
ಅಮ್ಮ