ಬಾಗಿಲು ಹಾಕಿಕೊಂಡು ಬರೆಯುವವಳಿಗೆ

ಸರಸ್ವತಿಪುರಂ, ಮೈಸೂರು

ಪ್ರೀತಿಯ ಮಗಳೇ,

ನಿನ್ನ ಪತ್ರ ನಿನ್ನೆ ಮಧ್ಯಾಹ್ನ ಬಂತು. ಎರಡು ಸಲ ಓದಿದೆ. ಕಾದಂಬರಿ ಇನ್ನೂರು ಪುಟ ಮುಟ್ಟಿತು ಎಂದು ಓದಿ ತುಂಬಾ ಖುಷಿಯಾಯಿತು. ಅದರ ಕೆಳಗೆ ಬರೆದಿದ್ದ ಮಾತು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ. "ಮೇಷ್ಟ್ರೇ, ಹದಿನೆಂಟು ದಿನದಿಂದ ಗೇಟು ದಾಟಿಲ್ಲ. ದಾಟಬೇಕು ಅನ್ನಿಸೋದೂ ನಿಂತುಹೋಗಿದೆ" ಎಂದು ಬರೆದಿದ್ದೀಯ.

ಇದರಲ್ಲಿ ನನ್ನ ತಪ್ಪೂ ಇದೆ. ಮಂಡ್ಯದ ಕಮ್ಮಟದಲ್ಲಿ "ಬಾಗಿಲು ಹಾಕ್ಕೊಂಡು ಕೂತ್ಕೊಳ್ಳಿ, ಬರವಣಿಗೆ ತಾನಾಗೇ ಬರುತ್ತೆ" ಎಂದು ನಿಮಗೆಲ್ಲ ಹೇಳಿದವನು ನಾನೇ. ನೀನು ಅದನ್ನು ಪೂರ್ತಿ ನಂಬಿದೆ. ಬೆಂಗಳೂರಿನ ಕೆಲಸ ಬಿಟ್ಟು, ಪಾಂಡವಪುರದ ಹತ್ತಿರದ ನಿಮ್ಮೂರಿಗೆ ಬಂದು, ಮಹಡಿ ರೂಮು ಸೇರಿ ಏಳು ತಿಂಗಳಾಯಿತು. ಬಾಗಿಲು ಯಾವಾಗ ತೆಗೆಯಬೇಕು ಎಂದು ಮಾತ್ರ ನಾನು ಅವತ್ತು ಹೇಳಲೇ ಇಲ್ಲ. ಈಗ ಹೇಳುತ್ತೇನೆ, ಕೇಳು.

1996ರಲ್ಲಿ ಮೊದಲ ಕಾದಂಬರಿ ಬರೆಯಲು ನಾನು ಶಾಲೆಗೆ ಸಂಬಳವಿಲ್ಲದ ರಜೆ ಹಾಕಿದ್ದೆ. ಇದೇ ಸರಸ್ವತಿಪುರಂನಲ್ಲಿ ಒಂದು ಔಟ್‌ಹೌಸ್ ಬಾಡಿಗೆಗೆ ಹಿಡಿದಿದ್ದೆ. ಆಗಿನ್ನೂ ಮದುವೆಯಾಗಿರಲಿಲ್ಲ. ಮೊದಲ ಮೂರು ತಿಂಗಳು ದಿನವೂ ಹಬ್ಬದ ಹಾಗಿತ್ತು. ಆಮೇಲೆ ಏನಾಯಿತೋ ನನಗೇ ತಿಳಿಯಲಿಲ್ಲ. ಮಲಗುವುದು ಬೆಳಗಿನ ಜಾವ ನಾಲ್ಕಕ್ಕೆ, ಏಳುವುದು ಹನ್ನೊಂದಕ್ಕೆ. ಅನ್ನ ಮಾಡಿಕೊಳ್ಳಲು ಬೇಜಾರು, ಹೊಟ್ಟೆಗೆ ಬನ್ನು ಮತ್ತು ಟೀ. ಒಂದೇ ಪುಟವನ್ನು ಇಪ್ಪತ್ತು ಸಲ ತಿದ್ದುತ್ತಿದ್ದೆ. ಕಬ್ಬಿಲ್ಲದ ಗಾಣದ ಹಾಗೆ ಯೋಚನೆ ತಿರುಗುತ್ತಲೇ ಇರುತ್ತಿತ್ತು. ರಸ ಒಂದು ಹನಿ ಇಲ್ಲ.

ನಮ್ಮ ರಸ್ತೆಯ ಮೂಲೆಯಲ್ಲಿ ಒಂದು ಇಸ್ತ್ರಿ ಗಾಡಿ ಇತ್ತು. ಹಲಗೆ ಮೇಲೆ ಹಳೇ ಕಂಬಳಿ, ಇದ್ದಿಲು ತುಂಬಿದ ಭಾರದ ಪೆಟ್ಟಿಗೆ. ಒಂದು ಸಂಜೆ ಬೆಂಕಿಪೊಟ್ಟಣ ತರಲು ಹೊರಗೆ ಬಂದೆ. ಆತ ಅಂಗೈಯಲ್ಲಿ ನೀರು ತೆಗೆದುಕೊಂಡು ಬಟ್ಟೆ ಮೇಲೆ ಚಿಮುಕಿಸುತ್ತಿದ್ದ. ತಲೆ ಎತ್ತಿ, "ಏನ್ ಸಾರ್, ಹದಿನೈದು ದಿನದಿಂದ ಒಂದು ಶರ್ಟೂ ಬಂದಿಲ್ಲ. ಹುಷಾರಾಗಿದೀರಾ?" ಎಂದ. ಉತ್ತರ ಕೊಡಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಗಂಟಲಲ್ಲಿ ಬರೀ ಗಾಳಿ. ನಾಲ್ಕು ದಿನದಿಂದ ಯಾರ ಜೊತೆಗೂ ಒಂದು ಮಾತೂ ಆಡಿಲ್ಲ ಎಂದು ನನಗೆ ಗೊತ್ತಾಗಿದ್ದೇ ಆಗ.

ಆತ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಸ್ಟೂಲು ಎಳೆದು, "ಕೂತ್ಕೊಳಿ" ಎಂದ. ಇದ್ದಿಲ ಕಾವಿಗೆ, ಬಿಸಿ ಹತ್ತಿಬಟ್ಟೆಯ ವಾಸನೆಗೆ ಮೈ ಒಡ್ಡಿಕೊಂಡು ಅರ್ಧ ಗಂಟೆ ಕೂತೆ. ಅಳು ಬಂತು. ಆತ ಏನೂ ಕೇಳಲಿಲ್ಲ, ಪಂಚೆ ಮಡಿಚುತ್ತಲೇ ಇದ್ದ. ಮಾರನೇ ದಿನದಿಂದ ದಿನಕ್ಕೆ ಒಂದೇ ಒಂದು ಶರ್ಟು ತೆಗೆದುಕೊಂಡು ಹೋಗುತ್ತಿದ್ದೆ. ಎಲ್ಲಾ ಒಟ್ಟಿಗೆ ಕೊಟ್ಟರೆ ವಾರಕ್ಕೊಂದೇ ಸಲ ಹೋದ ಹಾಗಾಗುತ್ತೆ, ಅಲ್ವಾ?

ನೀನು ಎಷ್ಟು ತಿಂಗಳು ಬೇಕಾದರೂ ಒಬ್ಬಳೇ ಕೂತು ಬರಿ. ಆದರೆ ಒಂದು ದಿನ ನೀನು ಕಾಣದಿದ್ದರೆ "ಯಾಕೆ ಬರಲಿಲ್ಲ ಈ ಹುಡುಗಿ" ಎಂದು ಕೇಳುವ ಒಂದು ಜೀವ ಇರಲೇಬೇಕು. ಆಪ್ತ ಗೆಳತಿಯೇ ಆಗಬೇಕಾಗಿಲ್ಲ. ಹಾಲಿನ ಡೈರಿಯಲ್ಲಿ ಲೆಕ್ಕ ಬರೆದುಕೊಳ್ಳುವವರಾದರೂ ಸಾಕು. ನಿಮ್ಮೂರಲ್ಲಿ ಡೈರಿ ಇದೆಯಲ್ಲ, ಬೆಳಿಗ್ಗೆ ಹಾಲು ಹಾಕಲು ನೀನೇ ಹೋಗು. ಅಪ್ಪನಿಗೂ ಒಂದು ಓಡಾಟ ತಪ್ಪುತ್ತದೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತಲ್ಲ, ಆ ಹೊತ್ತಿಗೆ ನನಗೆ ಇಷ್ಟು ಬುದ್ಧಿ ಬಂದಿತ್ತು. ಮೊದಲ ದಿನವೇ ಪಕ್ಕದ ಮನೆಯವರ ಜೊತೆ ಮಾತಾಡಿಕೊಂಡೆ. ಬೆಳಿಗ್ಗೆ ಏಳಕ್ಕೆ ಇಬ್ಬರೂ ಕಾಂಪೌಂಡ್ ಹತ್ತಿರ ಬಂದು, ದೂರ ನಿಂತು, ಒಂದೆರಡು ಮಾತಾಡುವುದು. ಮಾತೇನು ದೊಡ್ಡದಲ್ಲ. ತರಕಾರಿ ಗಾಡಿ ಬಂತಾ, ಕಾಫಿ ಪುಡಿ ಇದೆಯಾ, ಅಷ್ಟೇ. ಅಷ್ಟರಿಂದಲೇ ದಿನಕ್ಕೊಂದು ತಲೆ, ಒಂದು ಬಾಲ ಬಂತು.

ಬೆಳಿಗ್ಗೆಯೇ ಹೋಗು ಎನ್ನುವುದಕ್ಕೂ ಕಾರಣ ಇದೆ. ನೀನು ರಾತ್ರಿ ಮೂರರವರೆಗೆ ಬರೆಯುತ್ತೇನೆ ಎಂದಿದ್ದೀಯ. ನಮ್ಮ ಮೈಯೊಳಗೆ ಒಂದು ಗಡಿಯಾರ ಇದೆ ಮಗಳೇ. ಅದಕ್ಕೆ ಕೀ ಕೊಡುವುದು ಬೆಳಗಿನ ಬೆಳಕು. ಎದ್ದ ಮೇಲೆ ಅರ್ಧ ಗಂಟೆ ಹೊರಗಿನ ಬೆಳಕು ಕಣ್ಣಿಗೆ ಬಿದ್ದರೆ, ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರುತ್ತದೆ. ಕತ್ತಲೆ ರೂಮಲ್ಲಿ ಮಧ್ಯಾಹ್ನದವರೆಗೆ ಮಲಗಿ, ರಾತ್ರಿಯೆಲ್ಲ ಲ್ಯಾಪ್‌ಟಾಪ್ ಬೆಳಕಲ್ಲಿ ಕೂತರೆ ಆ ಗಡಿಯಾರ ಕೆಡುತ್ತದೆ. ನಿದ್ದೆ ಕೆಟ್ಟರೆ ಮನಸ್ಸು ಮಂಕಾಗುತ್ತದೆ. ಮನಸ್ಸು ಮಂಕಾದರೆ ಮತ್ತೆ ನಿದ್ದೆ ಕೆಡುತ್ತದೆ. ಹಾಲು ಹಾಕಿ ಬರುವಾಗ ಹಾಗೇ ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ ಸ್ವಲ್ಪ ನಡೆದು ಬಾ. ಹೋಗಬೇಕು ಅನ್ನಿಸಲಿ, ಆಮೇಲೆ ಹೋಗೋಣ ಎಂದು ಕಾಯಬೇಡ. ಮನಸ್ಸು ಕುಗ್ಗಿದಾಗ ಹಾಗೆ ಅನ್ನಿಸುವುದೇ ಇಲ್ಲ. ಮೊದಲು ಕಾಲು ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ.

ಕುವೆಂಪು ಅವರು ಕುಕ್ಕರಹಳ್ಳಿ ಕೆರೆ ಕಡೆ ವಾಕಿಂಗ್ ಹೋಗುತ್ತಿದ್ದದ್ದು ಮೈಸೂರಿಗೆಲ್ಲ ಗೊತ್ತು. ಅವರು ಮಹಾಕಾವ್ಯ ಬರೆದದ್ದು ಕಾಲೇಜಿನಲ್ಲಿ ಪಾಠ ಮಾಡುತ್ತಲೇ. ಯಾದವಗಿರಿಯ ಆರ್. ಕೆ. ನಾರಾಯಣ್ ಕೂಡ ದಿನಾ ಬೀದಿ ಸುತ್ತಿ, ಸಿಕ್ಕವರ ಜೊತೆ ಮಾತಾಡುತ್ತಿದ್ದವರು. ಇವರಿಬ್ಬರೂ ಬರೆದದ್ದು ಕಡಿಮೆಯೇ?

ಇನ್ನು ನಿಮ್ಮ ಅಜ್ಜಿ. ಕೆಳಗೆ ಜಗಲಿ ಮೇಲೆ ಒಬ್ಬರೇ ಕೂತಿರುತ್ತಾರೆ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀಯ. ಇದು ಅವರೆಕಾಯಿ ಕಾಲ. ಸಂಜೆ ಅವರ ಪಕ್ಕ ಕೂತು ಅವರೆಕಾಳು ಹಿತುಕು. ನೆನೆದ ಕಾಳು ಬೆರಳ ಸಂದಿಯಲ್ಲಿ ಪುಳಕ್ಕನೆ ಜಾರಿ ಹೊರಬಂದು, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಆ ಕೆಲಸಕ್ಕೆ ಕೈ ಬೇಕು, ಕಣ್ಣು ಬೇಕು. ಹಾಗಾಗಿ ಸುಮ್ನೆ ಸುತ್ತುವ ಯೋಚನೆಗೆ ಜಾಗ ಇರುವುದಿಲ್ಲ. ಬಟ್ಟಲು ತುಂಬಿದ ಮೇಲೆ ಅವತ್ತು ಬರೆದ ಒಂದು ಪುಟ ಅಜ್ಜಿಗೆ ಗಟ್ಟಿಯಾಗಿ ಓದು. ನಿನ್ನ ದನಿ ನಿನ್ನ ಕಿವಿಗೂ ಬೀಳಲಿ. ಅಜ್ಜಿ "ಹಿಂಗ್ ಯಾರಾದ್ರೂ ಮಾತಾಡ್ತಾರೇನವ್ವ?" ಎಂದರೆ ಆ ಸಾಲನ್ನು ಎರಡನೇ ಮಾತಿಲ್ಲದೆ ತಿದ್ದು. ಫೋನಲ್ಲಿ ದಿನಕ್ಕೆ ನೂರು ಮೆಸೇಜು ಬರುತ್ತವೆ, ಅದೇ ಸಾಕು ಎಂದಿದ್ದೀಯ. ಸಾಕಾಗುವುದಿಲ್ಲ ಕಣಮ್ಮ. ಸಾಕಾಗಿದ್ದರೆ ನೀನು ಈ ಪತ್ರವನ್ನು ಕೈಯಲ್ಲಿ ಬರೆದು ಪೋಸ್ಟ್ ಮಾಡುತ್ತಿರಲಿಲ್ಲ.

ಈಗ ಹೇಳುವುದನ್ನು ಗಮನವಿಟ್ಟು ಓದು. ಬೇಜಾರು ಎರಡು ವಾರ ಬಿಡದೆ ಹಿಡಿದರೆ, ಹಸಿವು ನಿದ್ದೆ ಎರಡೂ ಕೆಟ್ಟರೆ, ಇಷ್ಟದ ಕೆಲಸವೂ ರುಚಿಸದಿದ್ದರೆ, ಅದು ಬರೀ ಬೇಜಾರಲ್ಲ. ನಡಿಗೆ, ಅವರೆಕಾಳು ಇಷ್ಟೇ ಸಾಲುವುದಿಲ್ಲ, ಡಾಕ್ಟರನ್ನು ನೋಡಬೇಕು. ಬದುಕೇ ಬೇಡ ಎನ್ನುವ ಯೋಚನೆ ಒಂದು ಸಲ ಬಂದರೂ ಎರಡು ವಾರ ಕಾಯಬೇಡ, ಆ ಕ್ಷಣವೇ ಕೆಳಗಿಳಿದು ಅಮ್ಮನಿಗೆ ಹೇಳು. 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ಜೊತೆಗೆ ಯಾರೂ ಇಲ್ಲ ಎಂದರೆ ನಾನು ಬರುತ್ತೇನೆ.

ಬರೆಯುವವರಲ್ಲಿ ಒಂದು ನಂಬಿಕೆ ಇದೆ, ನಿನಗೂ ಇರಬಹುದು. ಮನಸ್ಸು ನೊಂದಿದ್ದರೇ ಒಳ್ಳೆಯ ಬರಹ ಹುಟ್ಟುವುದು, ಮಾತ್ರೆ ನುಂಗಿದರೆ ಒಳಗಿನ ಸೆಲೆ ಬತ್ತುತ್ತದೆ ಎಂದು. ಇದು ಸುಳ್ಳು. ಇದನ್ನು ನಂಬಿ ಹಾಳಾದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ಇಸ್ತ್ರಿ ಗಾಡಿಯ ಸಂಜೆಯಾದ ಮೇಲೆ ನಾನೂ ಡಾಕ್ಟರ ಹತ್ತಿರ ಹೋದೆ. ಎಂಟು ತಿಂಗಳು ಮಾತ್ರೆ ತೆಗೆದುಕೊಂಡೆ. ಮೊದಲ ಎರಡು ಮೂರು ವಾರ ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ನಿದ್ದೆ ಬಂತು, ಹಸಿವು ಬಂತು. ಬಿಡುವಾಗಲೂ ಡಾಕ್ಟರು ಹೇಳಿದ ಹಾಗೆ ನಿಧಾನವಾಗಿ ಬಿಟ್ಟೆ. ನೀನು ಓದಿ ಅತ್ತೆ ಎಂದೆಯಲ್ಲ, ನನ್ನ ಕಾದಂಬರಿಯ ಆ ಕೊನೆಯ ಭಾಗ, ಅದನ್ನು ಬರೆದದ್ದು ಆ ಎಂಟು ತಿಂಗಳಲ್ಲಿ.

ಬರುವ ಶನಿವಾರ ಪಾಂಡವಪುರದಲ್ಲಿ ಬೆಳಗಿನ ಟ್ರೇನು ಹತ್ತು. ಕಾದಂಬರಿಯ ಹಾಳೆ ತರಬೇಡ, ನೀನು ಬಂದರೆ ಸಾಕು. ಎಂಟು ಗಂಟೆಗೆ ಕುಕ್ಕರಹಳ್ಳಿ ಕೆರೆ ಗೇಟಿನ ಹತ್ತಿರ ನಿಂತಿರುತ್ತೇನೆ. ಒಂದು ಸುತ್ತು ನಡೆದು, ಮನೆಗೆ ಬಂದು ತಿಂಡಿ ತಿನ್ನೋಣ. ನಿಮ್ಮ ಅಮ್ಮನವರಿಗೆ ಹೀಗೆ ಎಂದು ಹೇಳಿ ಹೊರಡು. ಒಂಬತ್ತರವರೆಗೆ ಕಾಯುತ್ತೇನೆ. ನೀನು ಕಾಣದಿದ್ದರೆ ಅಲ್ಲಿಂದಲೇ ಪಾಂಡವಪುರದ ಬಸ್ಸು ಹಿಡಿಯುತ್ತೇನೆ.

ನಿನ್ನ,
ಮೇಷ್ಟ್ರು